ಟೋಪಿಯ ಮೇಲಿನ ಮೈಸೂರು



ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾದ ಒಂದು ಹಿತ್ತಾಳೆ ಬಿಲ್ಲೆ. ಮೇಲೆ ಉರಿಯುವ ಜ್ವಾಲೆ, ಕೆಳಗೆ ದುಂಡನೆಯ ಗ್ರೆನೇಡು. ಆ ಗುಂಡಿನ ಮೈಮೇಲೆ ಬಿಳಿ ಲೋಹದಲ್ಲಿ ಮೂಡಿಸಿದ ಒಂದು ಹುಲಿ, ಒಂದು ಆನೆ. ಅಡಿಯ ಪಟ್ಟಿಯಲ್ಲಿ 'ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್' ಎಂಬ ಹೆಸರು. ಡಬ್ಲಿನ್ನಿನಲ್ಲಿ ಆನೆ ಎಲ್ಲಿಂದ ಬಂತು, ಹುಲಿ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಹುಡುಕಲು ನಾವು ನಮ್ಮೂರಿನ ಕಡೆಗೇ ಹೊರಳಬೇಕಾಗುತ್ತದೆ. ಆ ರೆಜಿಮೆಂಟಿನ ಅಧಿಕೃತ ಲಾಂಛನಗಳ ವಿವರದಲ್ಲಿ ಆನೆಯ ನೆತ್ತಿಯ ಮೇಲೆ ಎರಡು ಮಾತುಗಳಿವೆ: ಒಂದು 'ಕರ್ನಾಟಿಕ್', ಇನ್ನೊಂದು 'ಮೈಸೂರು'.

ಬಿಲ್ಲೆ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕಚೇರಿಯ ದಫೇದಾರನ ಡವಾಲಿಯ ಮೇಲಿನ ಹಿತ್ತಾಳೆ ಬಿಲ್ಲೆ. ಇಲ್ಲಿ ಹೇಳಹೊರಟಿರುವುದು ಸೈನಿಕರು ತಲೆಯ ಮೇಲೆ, ಟೋಪಿಗೋ ಪೇಟಕ್ಕೋ ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆಗಳ ವಿಷಯ. ಇಂಗ್ಲೆಂಡಿನಲ್ಲಿ ಇವನ್ನು ಕೂಡಿಡುವ ಹವ್ಯಾಸ ಬಹಳ ಹಳೆಯದು. ಸಂತೆಗಳಲ್ಲಿ, ಹಳೆ ಸಾಮಾನಿನ ಅಂಗಡಿಗಳಲ್ಲಿ ಇವು ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಮಲಗಿರುತ್ತವೆ. ನಮ್ಮ ಬಳಗದ ನಾಲ್ಕಾರು ಮಂದಿಗೂ ಈ ಗೀಳು ಅಂಟಿದೆ. ಯುದ್ಧದ ಮೇಲಿನ ಮೋಹವೇನೂ ನಮಗಿಲ್ಲ. ನಮ್ಮ ಊರುಗಳ ಹೆಸರು ಎಲ್ಲೆಲ್ಲಿ ಹೋಗಿ ಕೂತಿದೆ ಎಂಬ ಕುತೂಹಲದಿಂದ ಶುರುವಾದದ್ದು. ಆದರೆ ಬಿಲ್ಲೆಯನ್ನು ಕೈಗೆತ್ತಿಕೊಂಡ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ: ಇದನ್ನು ತೊಳೆದು ಬೆಳಗಬೇಕೋ, ಇದ್ದ ಹಾಗೇ ಇಡಬೇಕೋ? ನೋಡಿದರೆ ಅಡಿಗೆಮನೆಯ ಪ್ರಶ್ನೆ. ಒಳಹೊಕ್ಕರೆ ಇತಿಹಾಸದ ಪ್ರಶ್ನೆ.

ಮೊದಲು ಈ ಬಿಲ್ಲೆಗಳು ಹುಟ್ಟಿದ ಬಗೆ ನೋಡೋಣ. 1800ರ ಸುಮಾರಿಗೆ ಬ್ರಿಟಿಷ್ ಕಾಲಾಳು ಪಡೆಗೆ 'ಶಾಕೋ' ಎಂಬ ಎತ್ತರದ ಕೊಳವೆಯಾಕಾರದ ಟೋಪಿ ಬಂತು. ಅದರ ಮುಂಭಾಗದಲ್ಲಿ ಹಿತ್ತಾಳೆಯ ದೊಡ್ಡ ತಗಡು. 1878ರಲ್ಲಿ ನೆತ್ತಿಯ ಮೇಲೆ ಮೊನೆಯುಳ್ಳ ನೀಲಿ ಬಟ್ಟೆಯ ಹೆಲ್ಮೆಟ್ ಬಂದಾಗ ತಗಡು ನಕ್ಷತ್ರದ ಆಕಾರ ತಾಳಿತು. ಅಲ್ಲಿಯವರೆಗೆ ರೆಜಿಮೆಂಟುಗಳಿಗೆ ಸಂಖ್ಯೆಯೇ ಮುಖ್ಯ ಗುರುತು. 1881ರ ಸುಧಾರಣೆಯಲ್ಲಿ ಸಂಖ್ಯೆಗಳು ಹೋಗಿ ಜಿಲ್ಲೆಗಳ, ಊರುಗಳ ಹೆಸರು ಬಂದವು. ಎರಡೆರಡು ಹಳೆಯ ಪಡೆಗಳನ್ನು ಜೋಡಿಸಿ ಒಂದೊಂದು ಹೊಸ ರೆಜಿಮೆಂಟ್ ಮಾಡಿದರು. ಶತಮಾನ ಮುಗಿಯುವ ಹೊತ್ತಿಗೆ ಮೃದುವಾದ ಬಟ್ಟೆ ಟೋಪಿಗಳೂ ಅವಕ್ಕೆ ತಕ್ಕ ಪುಟ್ಟ ಬಿಲ್ಲೆಗಳೂ ಬಳಕೆಗೆ ಬಂದವು. ಇವುಗಳಲ್ಲಿ ಬಹಳಷ್ಟನ್ನು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಉಕ್ಕಿನ ಅಚ್ಚಿನಲ್ಲಿ ತಗಡನ್ನು ಒತ್ತಿ ತಯಾರಿಸುತ್ತಿದ್ದವು.

ಬಿಲ್ಲೆ ಓದುವುದಕ್ಕೂ ಒಂದು ವರ್ಣಮಾಲೆ ಇದೆ. ಮೇಲೆ ಕಿರೀಟವಿದ್ದರೆ ಕಾಲ ಸುಮಾರಾಗಿ ಗೊತ್ತಾಗುತ್ತದೆ. ವಿಕ್ಟೋರಿಯಾ ಕಾಲದ ಕಿರೀಟ ಒಂದು ಬಗೆ. 1901ರಲ್ಲಿ ಆಕೆ ತೀರಿಕೊಂಡ ಮೇಲೆ ಬಂದ, ಕಮಾನು ಗುಮ್ಮಟದಂತೆ ಉಬ್ಬಿದ ಕಿರೀಟ ಇನ್ನೊಂದು ಬಗೆ. 1952ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಬಳಕೆಯಾದದ್ದು ಕಮಾನು ನಡುವೆ ತಗ್ಗಿದ ಮತ್ತೊಂದು ಬಗೆ. ಹಿಂಬದಿ ತಿರುಗಿಸಿದರೆ ಎರಡು ಕುಣಿಕೆಗಳಿರಬಹುದು, ಇಲ್ಲವೇ ಟೋಪಿಯೊಳಗೆ ಜಾರಿಸುವ ಉದ್ದನೆಯ ಪಟ್ಟಿ ಇರಬಹುದು. ಈ ಪಟ್ಟಿ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1916ರಲ್ಲಿ ಯುದ್ಧದ ಅಭಾವದಿಂದಾಗಿ, ಎರಡು ಲೋಹಗಳಲ್ಲಿ ಮಾಡುತ್ತಿದ್ದ ಎಷ್ಟೋ ಬಿಲ್ಲೆಗಳನ್ನು ಬರೀ ಹಿತ್ತಾಳೆಯಲ್ಲಿ ಒತ್ತಿದರು. ಎರಡನೇ ಮಹಾಯುದ್ಧದಲ್ಲಂತೂ ಪ್ಲಾಸ್ಟಿಕ್ಕೇ ಗತಿಯಾಯಿತು. ಹೀಗೆ ದೇಶದ ಬೊಕ್ಕಸದ ಸ್ಥಿತಿಯೂ ಸೈನಿಕನ ಹಣೆಯ ಮೇಲೆ ಬರೆದಿರುತ್ತಿತ್ತು ಎನ್ನಬಹುದು.

ಇನ್ನು ಪ್ರಾಣಿಗಳ ವಿಷಯ. ಬ್ರಿಟಿಷ್ ಬಿಲ್ಲೆಯ ಮೇಲೆ ಹುಲಿ ಕಂಡ ಕೂಡಲೇ ನಮ್ಮವರು "ಓಹೋ, ಟಿಪ್ಪುವಿನ ಹುಲಿ!" ಎಂದು ಉದ್ಗರಿಸುವುದುಂಟು. ಸ್ವಲ್ಪ ತಡೆಯಬೇಕು. ಲೆಸ್ಟರ್‌ಶೈರ್ ರೆಜಿಮೆಂಟಿನ ಬಿಲ್ಲೆಯಲ್ಲಿ 'ಹಿಂದೂಸ್ತಾನ್' ಎಂಬ ಮಾತಿನೊಂದಿಗೆ ಒಂದು ಹುಲಿ ಇದೆ. ಆ ಪಡೆ, ಅಂದಿನ 17ನೇ ಕಾಲಾಳು ರೆಜಿಮೆಂಟು, ಭಾರತದಲ್ಲಿ ಸೇವೆ ಸಲ್ಲಿಸಿದ್ದು 1804ರಿಂದ 1823ರವರೆಗೆ. ಹುಲಿಯ ಗುರುತು ಸಿಕ್ಕಿದ್ದು 1825ರಲ್ಲಿ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಅಂದರೆ ಅವರು ಹಡಗಿಳಿಯುವ ಹೊತ್ತಿಗೆ ಶ್ರೀರಂಗಪಟ್ಟಣ ಬಿದ್ದು ಐದು ವರ್ಷವಾಗಿತ್ತು. ಹುಲಿ ಅಲ್ಲಿ ಭಾರತದಲ್ಲಿ ಕಳೆದ ವರ್ಷಗಳ ಗುರುತು, ಅಷ್ಟೇ. ಟಿಪ್ಪುವಿನ ಹುಲಿಯನ್ನೇ ನೋಡಬೇಕೆಂದರೆ ಕಂಪನಿ ಸರ್ಕಾರ ಹಂಚಿದ ಶ್ರೀರಂಗಪಟ್ಟಣದ ಪದಕ ನೋಡಬೇಕು. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ತಯಾರಾದ ಆ ಪದಕದಲ್ಲಿ ಬ್ರಿಟಿಷ್ ಸಿಂಹವೊಂದು ಹುಲಿಯನ್ನು ಕೆಡವಿ ಮೇಲೇರಿದೆ. ಅಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಆನೆಯ ಕಥೆಯೂ ಹಾಗೆಯೇ. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಸ್ಕಾಟ್ ಪಡೆಯ ಬಿಲ್ಲೆಯಲ್ಲಿ 'ಅಸ್ಸಾಯೆ' ಎಂಬ ಪಟ್ಟಿ, ಅದರಡಿ ಒಂದು ಆನೆ. 1803ರ ಸೆಪ್ಟೆಂಬರ್ 23ರಂದು ಮರಾಠರ ಮೇಲೆ ವೆಲ್ಲೆಸ್ಲಿ ಗೆದ್ದ ಯುದ್ಧ ಅದು. ಮೈಸೂರಿನ ಕುದುರೆ ದಳವೂ ಆಗ ವೆಲ್ಲೆಸ್ಲಿಯ ಜೊತೆಗಿತ್ತು ಎಂಬುದನ್ನು ನಾವು ಮರೆಯುವ ಹಾಗಿಲ್ಲ. ಇದೇ ಸ್ಕಾಟ್ ಪಡೆಯ ಇನ್ನೊಂದು ಮೂಲ ಶಾಖೆಯ ಕೆಲವು ತುಕಡಿಗಳು 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಕೈಯಲ್ಲಿ ನುಚ್ಚುನೂರಾಗಿದ್ದವು. ಅಲ್ಲಿ ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಅಧಿಕಾರಿ ಒಬ್ಬ. ಮೂರೂವರೆ ವರ್ಷಕ್ಕೂ ಮೇಲ್ಪಟ್ಟು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಆತನೇ 1799ರಲ್ಲಿ ಅದೇ ಕೋಟೆಗೆ ಲಗ್ಗೆ ಹತ್ತಿದ ಪಡೆಯ ಮುಂದಾಳು. ಬಿಲ್ಲೆಯ ಮೇಲೆ ಗೆದ್ದ ದಿನದ ಹೆಸರಿದೆ, ಸೋತ ದಿನದ್ದಿಲ್ಲ. ಬಿಲ್ಲೆಗಳ ಸ್ವಭಾವವೇ ಅದು.

ಈಗ ಡಬ್ಲಿನ್ನಿನವರ ಬಿಲ್ಲೆಗೆ ಮರಳೋಣ. 1881ರಲ್ಲಿ ಈ ರೆಜಿಮೆಂಟು ಹುಟ್ಟಿದ್ದು ಎರಡು ಪಡೆಗಳ ಕೂಡಿಕೆಯಿಂದ: ರಾಯಲ್ ಮದ್ರಾಸ್ ಫ್ಯುಸಿಲಿಯರ್ಸ್ ಮತ್ತು ರಾಯಲ್ ಬಾಂಬೆ ಫ್ಯುಸಿಲಿಯರ್ಸ್. ಎರಡೂ ಮೂಲತಃ ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಸೈನಿಕರ ಪಡೆಗಳು. ಅವರ ಯುದ್ಧಗೌರವಗಳ ಪಟ್ಟಿಯಲ್ಲಿ ಆರ್ಕಾಟ್, ಪ್ಲಾಸಿ, ಬಕ್ಸಾರ್‌ಗಳ ಜೊತೆಗೆ 'ನಂಡಿ ಡ್ರೂಗ್' ಎಂಬ ಒಂದು ವಿಚಿತ್ರ ಹೆಸರಿದೆ. ಬಾಯಲ್ಲಿ ಎರಡು ಸಲ ಹೇಳಿಕೊಂಡರೆ ತಾನೇ ಬಿಡಿಸಿಕೊಳ್ಳುತ್ತದೆ: ನಮ್ಮ ನಂದಿದುರ್ಗ! ಭಾನುವಾರ ಬೆಳಗ್ಗೆ ಬೆಂಗಳೂರಿನವರು ಬೋಂಡ ಕಟ್ಟಿಕೊಂಡು ಹೋಗುವ ನಂದಿಬೆಟ್ಟ. ಮೂರನೇ ಮೈಸೂರು ಯುದ್ಧದಲ್ಲಿ, ಸುಮಾರು ಮೂರು ವಾರದ ಮುತ್ತಿಗೆಯ ನಂತರ, 1791ರ ಅಕ್ಟೋಬರ್ 19ರ ನಸುಕಿನಲ್ಲಿ ಆ ಕೋಟೆ ಬಿತ್ತು. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಟ್ಟದ್ದು ಶಾಲೆಯಲ್ಲಿ ಓದಿದ್ದೇವೆ. ಅಂದಹಾಗೆ 'ಕರ್ನಾಟಿಕ್' ಎಂಬ ಮಾತು ನೋಡಿ ಹಿಗ್ಗಬೇಕಾಗಿಲ್ಲ. ಬ್ರಿಟಿಷರ ಬಾಯಲ್ಲಿ ಅದು ಆರ್ಕಾಟಿನ ನವಾಬನ ಸೀಮೆ, ಬಹುಪಾಲು ತಮಿಳು ನಾಡು.

ಮದ್ರಾಸ್ ಫ್ಯುಸಿಲಿಯರ್ಸ್‌ಗೆ ಇನ್ನೊಂದು ಅಡ್ಡಹೆಸರಿತ್ತು, ಅದೂ ಟೋಪಿಯಿಂದಲೇ ಬಂದದ್ದು: 'ನೀಲ್‌ನ ನೀಲಿ ಟೋಪಿಗಳು'. 1857ರಲ್ಲಿ ಕರ್ನಲ್ ನೀಲ್ ಎಂಬಾತ ಟೋಪಿಗೆ ನೀಲಿ ಹೊದಿಕೆ ಹಾಕಿದ ಈ ಪಡೆಯೊಂದಿಗೆ ಅಲಹಾಬಾದು, ಕಾನ್ಪುರಗಳಲ್ಲಿ ನಡೆಸಿದ ಪ್ರತೀಕಾರ ಎಷ್ಟು ಕ್ರೂರವಾಗಿತ್ತೆಂದರೆ, ಮದರಾಸಿನ ಮೌಂಟ್ ರಸ್ತೆಯಲ್ಲಿ ನಿಲ್ಲಿಸಿದ್ದ ಅವನ ಪ್ರತಿಮೆಯನ್ನು ತೆಗೆಸಲು 1927ರಲ್ಲಿ ಸತ್ಯಾಗ್ರಹವೇ ನಡೆಯಿತು. 1937ರಲ್ಲಿ ಅದನ್ನು ತೆಗೆಸಿದರು. ಆದರೆ ಒಡೆದು ಹಾಕಲಿಲ್ಲ. ಇಂದು ಅದು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಮದ್ರಾಸ್ ಪಡೆಯ ಉತ್ತರಾಧಿಕಾರಿಯಾದ ಒಂದನೇ ಬೆಟಾಲಿಯನ್ 1915ರ ಏಪ್ರಿಲ್ 25ರಂದು ಗ್ಯಾಲಿಪೊಲಿಯ ದಡದಲ್ಲಿ ದೋಣಿಗಳಿಂದ ಇಳಿಯಿತು. ಎದುರಿನ ತುರ್ಕಿ ಬಂದೂಕುಗಳಿಗೆ ಸಿಕ್ಕಿ ಎಷ್ಟು ಮಂದಿ ಉರುಳಿದರೆಂದರೆ, ಉಳಿದವರನ್ನು ಮನ್‌ಸ್ಟರ್ ಫ್ಯುಸಿಲಿಯರ್ಸ್‌ನ ಅಳಿದುಳಿದವರೊಂದಿಗೆ ಸೇರಿಸಿ ಕೆಲವು ಕಾಲ ಒಂದೇ ಪಡೆ ಮಾಡಬೇಕಾಯಿತು. ಮರುವರ್ಷ ಈಸ್ಟರ್ ಬಂಡಾಯದಲ್ಲಿ, ಡಬ್ಲಿನ್ನಿನ ಬೀದಿಗಳಲ್ಲೇ, ಬಂಡಾಯಗಾರರ ವಿರುದ್ಧ ನಿಂತ ಪಡೆಗಳಲ್ಲಿ ಇದೇ ರೆಜಿಮೆಂಟಿನ ತುಕಡಿಗಳೂ ಇದ್ದವು. 1922ರಲ್ಲಿ ಐರ್ಲೆಂಡ್ ಬೇರೆಯಾದಾಗ ರೆಜಿಮೆಂಟನ್ನು ವಿಸರ್ಜಿಸಿ, ಬಾವುಟಗಳನ್ನು ವಿಂಡ್ಸರ್ ಅರಮನೆಗೆ ಒಪ್ಪಿಸಿದರು. ಊರಿಗೆ ಮರಳಿದವರ ಪಾಡು ಬೇರೆಯೇ. ಹೊಸ ಐರ್ಲೆಂಡಿಗೆ ಅವರು ಬೇಡವಾದ ನೆನಪು. ಎಷ್ಟೋ ಮನೆಗಳಲ್ಲಿ ಪದಕಗಳೂ ಬಿಲ್ಲೆಗಳೂ ಪೆಟ್ಟಿಗೆಯ ತಳ ಸೇರಿದವು. 1998ರ ನವೆಂಬರ್ 11ರಂದು ಬೆಲ್ಜಿಯಮ್ಮಿನ ಮೆಸೀನ್‌ನಲ್ಲಿ ಐರಿಷ್ ಅಧ್ಯಕ್ಷೆ ಮೇರಿ ಮೆಕ್‌ಅಲೀಸ್ ಮತ್ತು ರಾಣಿ ಎಲಿಜಬೆತ್ ಒಟ್ಟಾಗಿ ನಿಂತು ಮಡಿದ ಐರಿಷರ ಸ್ಮಾರಕ ಉದ್ಘಾಟಿಸುವವರೆಗೆ ಆ ಮೌನ ಬಹುಕಾಲ ನಡೆಯಿತು.

ನಂದಿಬೆಟ್ಟವನ್ನು ಹತ್ತಿದವರು, ಕಾನ್ಪುರದಲ್ಲಿ ರಕ್ತ ಹರಿಸಿದವರು, ಗ್ಯಾಲಿಪೊಲಿಯಲ್ಲಿ ರಕ್ತ ಸುರಿಸಿದವರು, ತಮ್ಮ ಊರಿನಲ್ಲೇ ಅಪರಿಚಿತರಾದವರು: ಇಷ್ಟೂ ಜನ ಒಂದೇ ಪರಂಪರೆಯವರು. ಇಂಥ ಬಿಲ್ಲೆಯನ್ನು ಹೇಗೆ ಹಿಡಿಯಬೇಕು, ಹೇಳಿ?

ಇಲ್ಲಿಂದ ರಿಪೇರಿಯ ಮಾತಿಗೆ ಬರೋಣ. ಹಿತ್ತಾಳೆ ಎಂದ ಕೂಡಲೇ ನಮ್ಮ ಕೈ ಹೋಗುವುದು ಹುಣಸೆಹಣ್ಣಿಗೆ. ಹಬ್ಬದ ಮುನ್ನಾದಿನ ದೀಪದ ಕಂಬಗಳನ್ನು ಹುಣಸೆ ಹಚ್ಚಿ ತಿಕ್ಕಿ ಫಳಫಳ ಹೊಳೆಸುವುದು ನಮ್ಮ ಮನೆಗಳ ಸಂಭ್ರಮ. ದೀಪಕ್ಕೆ ಅದು ಸರಿ, ಬಿಲ್ಲೆಗೆ ಅಲ್ಲ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಮೇಲ್ಮೈಯ ಸತು ಕರಗಿ ತಾಮ್ರದ ಕೆಂಪು ಬಣ್ಣ ಉಳಿಯುತ್ತದೆ. ನೂರು ವರ್ಷದಲ್ಲಿ ನಿಧಾನವಾಗಿ ಕೂತ ಕಂದು ಪದರ ಹೋದರೆ ಮತ್ತೆ ಬರುವುದಿಲ್ಲ. ಅಧಿಕಾರಿಗಳ ಹಳೆಯ ಬಿಲ್ಲೆಗಳಿಗೆ ಪಾದರಸದ ಸಹಾಯದಿಂದ ಹತ್ತಿಸಿದ ಚಿನ್ನದ ಪದರವಿರುತ್ತದೆ. ಅದು ಎಷ್ಟು ತೆಳುವೆಂದರೆ ತಿಕ್ಕಿದರೆ ಚಿನ್ನ ಬಟ್ಟೆಗೆ ಬರುತ್ತದೆ!

ಹಾಗಾದರೆ ಅಂಗಡಿಯ ಪಾಲಿಶ್? ಅಲ್ಲೂ ಒಂದು ಪಾಠವಿದೆ, ಅದು ಭಾರತದ ಮಳೆಗಾಲದಿಂದಲೇ ಬಂದದ್ದು. ಬ್ರಿಟಿಷ್ ಸೇನೆ ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದ ಮೇಲೆ ನೋಡಿದರೆ ಯಾರೂ ಮುಟ್ಟದೆಯೇ ತೋಟಾಗಳು ಬಿರುಕು ಬಿಟ್ಟಿರುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ, ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗಿತದ ಜೊತೆ ಸೇರಿ ಲೋಹವನ್ನು ಸೀಳುತ್ತದೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಒತ್ತಿ ಮಾಡಿದ ಬಿಲ್ಲೆಯೊಳಗೂ ಅಂಥದೇ ಬಿಗಿತವಿದೆ. ಹಿತ್ತಾಳೆ ಪಾಲಿಶ್‌ಗಳಲ್ಲಿ ಹಲವಕ್ಕೆ ಅಮೋನಿಯ ಬೆರೆಸಿರುತ್ತಾರೆ. ಸಂದಿಯಲ್ಲಿ ಒಣಗಿ ಕೂತ ಹಳೆಯ ಪಾಲಿಶ್ ಹಸಿರುಗಟ್ಟಿ ಲೋಹವನ್ನು ತಿನ್ನುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮ ಕ್ರಮ ಬಹಳ ಸರಳ. ಮೊದಲು ಮುಂದಿನಿಂದ, ಹಿಂದಿನಿಂದ ಫೋಟೋ. ಆಮೇಲೆ ಬಟ್ಟಿ ಇಳಿಸಿದ ನೀರಿಗೆ ಎರಡು ಹನಿ ಸೌಮ್ಯವಾದ ಸೋಪು ಹಾಕಿ, ಮೆತ್ತನೆಯ ಕುಂಚದಿಂದ ಧೂಳು ಬಿಡಿಸುವುದು. ಹಸಿರು ಕಿಲುಬನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸುವುದು. ಕಬ್ಬಿಣದ ಸೂಜಿ ಕೂಡದು. ಚೆನ್ನಾಗಿ ಒಣಗಿಸಿ, ಬ್ರಿಟಿಷ್ ಮ್ಯೂಸಿಯಮ್ಮಿನವರು ರೂಪಿಸಿದ 'ರೆನೈಸಾನ್ಸ್' ಮೇಣವನ್ನು ತೆಳ್ಳಗೆ ಸವರುವುದು. ಹಿಂದಿನ ಕುಣಿಕೆ ಮುರಿದಿದ್ದರೆ ಬೆಸುಗೆಗೆ ಕೈ ಹಾಕುವುದಿಲ್ಲ, ಏಕೆಂದರೆ ಕಾವು ತಗುಲಿದ ಜಾಗದ ಹಳೆಯ ಬಣ್ಣ ಸುಟ್ಟುಹೋಗುತ್ತದೆ. ಬಟ್ಟೆ ಹೊದಿಸಿದ ಹಲಗೆಯ ಮೇಲೆ ಮಲಗಿಸಿದರಾಯಿತು. ಓಕ್ ಮರದ ಡ್ರಾಯರಿನಲ್ಲಿ ಇಡಬಾರದು; ಆ ಮರ ಬಿಡುವ ಹುಳಿ ಆವಿ ಲೋಹಕ್ಕೆ ಶತ್ರು.

ಇಷ್ಟಕ್ಕೇ ನಿಲ್ಲಿಸುವುದು ಯಾಕೆಂದರೆ, ಸವೆತವೂ ಒಂದು ಬರಹ. ಹುಲಿಯ ಮೈಪಟ್ಟೆ ಅಳಿಸಿಹೋಗಿದ್ದರೆ ಅದು ದೋಷವಲ್ಲ. ಯಾರೋ ಒಬ್ಬ ಸಿಪಾಯಿ ಪರೇಡಿಗೆ ಮುಂಚೆ ದಿನಾ ಬೆಳಗ್ಗೆ ಅದನ್ನು ಉಜ್ಜಿದ್ದಾನೆ. ಅವನ ಹೆಸರು ನಮಗೆ ಸಿಗಲಿಕ್ಕಿಲ್ಲ, ಅವನ ಬೆರಳಿನ ಗುರುತು ಮಾತ್ರ ಅಲ್ಲಿದೆ. 1916ರ ಬರೀ ಹಿತ್ತಾಳೆಯ ಬಿಲ್ಲೆಗೆ "ಬೆಳ್ಳಿ ಹೋಗಿದೆ ಪಾಪ" ಎಂದು ಬೆಳ್ಳಿ ಲೇಪ ಹಾಕಿಸಿದರೆ ಯುದ್ಧಕಾಲದ ಅಭಾವದ ಸಾಕ್ಷ್ಯವನ್ನೇ ಒರೆಸಿದಂತೆ. ಕೊಳೆ ತೆಗೆಯಬೇಕು, ಕಾಲ ತೆಗೆಯಬಾರದು.

ಹೊಳಪಿನ ಆಸೆಯ ಬೆನ್ನಿಗೇ ನಕಲಿಯೂ ಬರುತ್ತದೆ. ಟೋಪಿಯ ಬಿಲ್ಲೆ ಕೊಳ್ಳಲು ಹೋಗಿ ಟೋಪಿ ಹಾಕಿಸಿಕೊಂಡವರು ಕಡಿಮೆಯೇನಿಲ್ಲ! ಡಬ್ಲಿನ್ ಫ್ಯುಸಿಲಿಯರ್ಸ್‌ನಂಥ ವಿಸರ್ಜಿತ ಪಡೆಗಳ ಬಿಲ್ಲೆಗಳಿಗೆ ಬೇಡಿಕೆ ಹೆಚ್ಚು, ಹಾಗಾಗಿ ನಕಲಿಯೂ ಹೆಚ್ಚು. ಅಚ್ಚೊತ್ತಿದ ಬಿಲ್ಲೆಯಾದರೆ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣುತ್ತದೆ. ಎರಕ ಹೊಯ್ದ ನಕಲಿಯಾದರೆ ಹಿಂಬದಿ ಚಪ್ಪಟೆ, ಮೈಮೇಲೆ ಸಣ್ಣ ಸಣ್ಣ ಗುಳಿ. ವಿಕ್ಟೋರಿಯಾ ಕಿರೀಟದ ಬಿಲ್ಲೆಗೆ ಇಪ್ಪತ್ತನೇ ಶತಮಾನದ ಜಾರುಪಟ್ಟಿ ಇದ್ದರೆ ಅನುಮಾನಿಸಬೇಕು. ನಿಜವಾದ ಸವೆತ ಎತ್ತರದ ಜಾಗಗಳಲ್ಲಿ ಮಾತ್ರ ಇರುತ್ತದೆ; ಬೇಕೆಂದೇ ಹಳತಾಗಿಸಿದ್ದರೆ ತಗ್ಗು ದಿಣ್ಣೆಗಳೆರಡೂ ಒಂದೇ ಸಮ ಮಾಸಿರುತ್ತವೆ. ಹಳೆಯ ಅಚ್ಚುಗಳಲ್ಲೇ ಹೊಸದಾಗಿ ಒತ್ತಿದವನ್ನು ಪತ್ತೆ ಹಚ್ಚುವುದು ಮಾತ್ರ ಕಷ್ಟ. ಅಲ್ಲಿ ವಸ್ತುವಿನ ಹಿಂದಿನ ಕಥೆಯೊಂದೇ ಆಧಾರ: ಯಾರದು, ಯಾವ ಮನೆಯಿಂದ ಬಂತು?

ಈಗ ನಮ್ಮದೇ ಒಂದು ಬಿಲ್ಲೆಯ ಮಾತು. ಮೈಸೂರು ಸಂಸ್ಥಾನದ ಸೇನೆಯ ಗುರುತು ಗಂಡಭೇರುಂಡ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆಯೇರಿ ಹೈಫಾ ಪಟ್ಟಣವನ್ನು ಹಿಡಿದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ನುಗ್ಗಿದವರಲ್ಲಿ ಮೈಸೂರಿನವರೂ ಇದ್ದರು. ಅಸ್ಸಾಯೆ ಕದನ ನಡೆದು ಆ ದಿನಕ್ಕೆ ಸರಿಯಾಗಿ 115 ವರ್ಷ! ಬೆಂಗಳೂರಿನ ಜೆ. ಸಿ. ನಗರದ ಸ್ಮಾರಕ, ದೆಹಲಿಯ ತೀನ್ ಮೂರ್ತಿ, ಎರಡೂ ಅವರ ನೆನಪಿಗೆ. ಸಾಮ್ರಾಜ್ಯದ ಪರವಾಗಿ ಕಾದಿದ ಆ ಲ್ಯಾನ್ಸರುಗಳು ಸ್ವಾತಂತ್ರ್ಯದ ನಂತರ, 1953ರಲ್ಲಿ ರಚನೆಯಾದ ಭಾರತೀಯ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಬೆರೆತುಹೋದರು. ಇಂದಿಗೂ ಆ ರೆಜಿಮೆಂಟಿನ ಲಾಂಛನದಲ್ಲಿ ಎರಡು ತಲೆಯ ಹಕ್ಕಿ ಇದೆ. ಮೈಸೂರು ಇನ್‌ಫೆಂಟ್ರಿಯೂ ಮದ್ರಾಸ್ ರೆಜಿಮೆಂಟಿನ ಒಂದು ಬೆಟಾಲಿಯನ್ ಆಯಿತು. ಮದ್ರಾಸ್ ರೆಜಿಮೆಂಟಿನ ಬಿಲ್ಲೆ ಯಾವುದು ಗೊತ್ತೇ? ಅದೇ ಅಸ್ಸಾಯೆಯ ಆನೆ!

ಭಾರತೀಯರನ್ನು ಸೋಲಿಸಿ ಗಳಿಸಿದ ಹಳೆಯ ಯುದ್ಧಗೌರವಗಳನ್ನು ಸ್ವತಂತ್ರ ಭಾರತದ ಸೇನೆ ಆಚರಿಸುವುದಿಲ್ಲ. ಅಸ್ಸಾಯೆಯೂ ಆ ಸಾಲಿಗೆ ಸೇರಿದ್ದು. ಆದರೆ ಆನೆಯನ್ನು ಕೈಬಿಡಲಿಲ್ಲ. ಮೌಂಟ್ ರಸ್ತೆಯ ನೀಲ್‌ನನ್ನು ಪೀಠದಿಂದ ಇಳಿಸಿದರು, ಆದರೆ ಕರಗಿಸಲಿಲ್ಲ. ಎರಡರಲ್ಲೂ ಒಂದು ವಿವೇಕ ಕಾಣುತ್ತದೆ. ಗೌರವ ಕೊಡುವುದು ಬೇರೆ, ಗುರುತು ಉಳಿಸುವುದು ಬೇರೆ. ಮೈಸೂರಿನ ಹೆಸರು ಹೊತ್ತ ಬಿಲ್ಲೆಯನ್ನು ಹಿಡಿದಾಗ ನಮಗೆ ಹೆಮ್ಮೆಯೂ ಬರುವುದಿಲ್ಲ, ಎಸೆಯುವ ಮನಸ್ಸೂ ಬರುವುದಿಲ್ಲ. ಗೆದ್ದವನ ಬಾಯಿಂದ ಬಂದ ನಮ್ಮ ಊರಿನ ಹೆಸರು ಅದು. ಥಳಥಳಿಸುವಂತೆ ಬೆಳಗಿದರೆ ಗೆದ್ದವನ ಜಂಬ ಮಾತ್ರ ಮಿಂಚುತ್ತದೆ. ಕರಗಿಸಿದರೆ ನಂದಿಬೆಟ್ಟದ ಗೋಡೆಯ ಮೇಲೆ ಸತ್ತವರ ನೆನಪಿನ ಒಂದು ಎಳೆಯೂ ಹೋಗುತ್ತದೆ.

ಕೊನೆಗೊಂದು ಬಿನ್ನಹ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೊಡಗಿನಲ್ಲೋ ನಿಮ್ಮ ಮನೆಯ ಅಟ್ಟದ ಮೇಲೆ, ತಾತನ ಟ್ರಂಕಿನ ತಳದಲ್ಲಿ ಇಂಥದೊಂದು ಬಿಲ್ಲೆ ಇದ್ದೀತು. ಮುಂದಿನ ಸಲ ಊರಿಗೆ ಹೋದಾಗ ಹುಡುಕಿ. ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಚ್ಚಬೇಡಿ. ಇಲ್ಲಿಗೆ ತರುವ ಯೋಚನೆಯನ್ನೂ ಮಾಡಬೇಡಿ: ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೊಯ್ಯುವುದನ್ನು 1972ರ ಭಾರತೀಯ ಕಾಯಿದೆ ನಿಷೇಧಿಸುತ್ತದೆ. ಹೈಫಾದ ಕಾಲದ ಬಿಲ್ಲೆ ಆ ವಯಸ್ಸನ್ನು ಆಗಲೇ ದಾಟಿದೆ. ಒಂದು ಫೋಟೋ ತೆಗೆಯಿರಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಅದು ಯಾರದು, ಯಾವ ಊರಿಗೆ ಹೋಗಿ ಬಂದವರು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಬಿಲ್ಲೆಯ ಜೊತೆಗೇ ಇಡಿ. ಡಬ್ಲಿನ್ನಿನ ಸಿಪಾಯಿಯ ಹೆಸರು ನಮಗೆ ಸಿಗಲಿಲ್ಲ. ನಮ್ಮವರ ಹೆಸರಾದರೂ, ಹೇಳುವವರು ಇನ್ನೂ ಇರುವಾಗಲೇ, ಕಾಗದದ ಮೇಲೆ ಬರಲಿ. ಏನಂತೀರಿ?